ಕೇದಾರ–ಬದರಿಯ ದಾರಿಯಲ್ಲಿ ಕಲಿತದ್ದು

ನಮ್ಮ ಕಡೆಯ ಜನರನ್ನು ಉತ್ತರಾಖಂಡದ ಗಢ್ವಾಲ್ ಬೆಟ್ಟಗಳಿಗೆ ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ದಾವಣಗೆರೆ, ಹಾವೇರಿ, ಗದಗಿನವರೇ ಹೆಚ್ಚು. ಬಹಳಷ್ಟು ಮಂದಿ ಅರವತ್ತು ದಾಟಿದವರು, ಮಕ್ಕಳ ಮದುವೆ ಮುಗಿಸಿ ಹೊರಟವರು. ಅವರ ಮನಸ್ಸಿನಲ್ಲಿ ಕೇದಾರನಾಥ ಇರುತ್ತದೆ, ಬದರೀನಾಥ ಇರುತ್ತದೆ; ಎರಡರ ನಡುವಿನ ದಾರಿ ಇರುವುದಿಲ್ಲ. ಯಾತ್ರೆ ಕೂಡಿ ಬರುವುದೂ ಕೆಡುವುದೂ ಆ ದಾರಿಯಲ್ಲೇ. ಹೊರಡುವ ಮೊದಲು ಅವರಿಗೂ ಅವರ ಮನೆಯವರಿಗೂ ನಾನು ಹೇಳುವ ಮಾತುಗಳಿವು.

1. ಕಿಲೋಮೀಟರ್ ಬಿಟ್ಟು ಹಗಲಿನ ಲೆಕ್ಕ ಹಿಡಿಯಿರಿ

ಋಷಿಕೇಶದಿಂದ ಕೇದಾರದ ದಾರಿಯ ಸೋನ್‌ಪ್ರಯಾಗಕ್ಕೆ ಸುಮಾರು 210 ಕಿ.ಮೀ. ಹುಬ್ಬಳ್ಳಿಯಿಂದ ಚಿತ್ರದುರ್ಗಕ್ಕೆ ಹೋದಷ್ಟು. ಇಲ್ಲಿ ನಾಲ್ಕು ತಾಸಿನ ದಾರಿಗೆ ಅಲ್ಲಿ ಇಡೀ ಹಗಲು ಬೇಕು. ದೇವಪ್ರಯಾಗ, ಶ್ರೀನಗರ ದಾಟಿ ರುದ್ರಪ್ರಯಾಗ ಮುಟ್ಟಬೇಕು. ಅಲ್ಲಿ ಮಂದಾಕಿನಿಯ ಗುಂಟ ಹೋದರೆ ಕೇದಾರ, ಅಲಕನಂದೆಯ ಗುಂಟ ಹೋದರೆ ಬದರಿ. ಶ್ರೀನಗರ–ರುದ್ರಪ್ರಯಾಗದ ನಡುವೆ ಸಿರೋಬಗಡ್ ಎಂಬಲ್ಲಿ ಗುಡ್ಡ ಎಷ್ಟೋ ವರ್ಷದಿಂದ ಜಾರುತ್ತಲೇ ಇದೆ. ಚಾಲಕ ಫೋನ್ ಇಟ್ಟು ‘ಮಲ್ಬಾ ಆ ಗಯಾ’ ಅಂದನೆಂದರೆ ಮುಂದೆ ರಸ್ತೆಗೆ ಕಲ್ಲುಮಣ್ಣು ಕುಸಿದಿದೆ, ಜೆಸಿಬಿ ಬಂದು ಎತ್ತುವವರೆಗೆ ಕಾಯಬೇಕು. ಅದು ಒಂದು ತಾಸೂ ಆದೀತು, ಒಂದು ದಿನವೂ ಆದೀತು.

ಹಾಗಾಗಿ ಪ್ರತಿಯೊಂದು ಧಾಮಕ್ಕೂ ಒಂದೊಂದು ಖಾಲಿ ದಿನ ಇಟ್ಟುಕೊಳ್ಳಿ. ಬೆಟ್ಟ ಇಳಿದ ಮರುದಿನವೇ ದೆಹಲಿಯಿಂದ ರೈಲು, ವಿಮಾನ ಬುಕ್ ಮಾಡಬೇಡಿ. ಹತ್ತು ದಿನದಲ್ಲಿ ನಾಲ್ಕು ಧಾಮ ಎಂದು ಹೇಳುವ ಪ್ಯಾಕೇಜುಗಳಲ್ಲಿ ಈ ಖಾಲಿ ದಿನ ಇರುವುದಿಲ್ಲ. ರಸ್ತೆ ಮುಚ್ಚಿದರೆ ಅಲ್ಲಿ ಕತ್ತರಿ ಬೀಳುವುದು ನಿಮ್ಮ ನಿದ್ದೆಗೆ, ಇಲ್ಲವೇ ಚಾಲಕನ ನಿದ್ದೆಗೆ. ಘಟ್ಟದ ರಸ್ತೆಯಲ್ಲಿ ನಿದ್ದೆಗೆಟ್ಟ ಚಾಲಕನ ಪಕ್ಕ ಕೂರುವುದು ನನಗೆ ಎಲ್ಲಕ್ಕಿಂತ ಭಯದ ಸಂಗತಿ.

2. ಹೆಲಿಕಾಪ್ಟರ್ ಕಾಲಿನ ಕಷ್ಟ ತಪ್ಪಿಸುತ್ತದೆ, ಎತ್ತರದ ಕಷ್ಟವನ್ನಲ್ಲ

ಮನೆಯವರು ಹೆಚ್ಚಾಗಿ ತಪ್ಪು ತಿಳಿಯುವುದು ಇದೊಂದನ್ನೇ. ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಹೆಲಿಕಾಪ್ಟರ್ ಮಾಡಿಸಿದರೆ ಸುರಕ್ಷಿತ ಎಂದುಕೊಳ್ಳುತ್ತಾರೆ. ಗೌರೀಕುಂಡದಿಂದ ಕೇದಾರಕ್ಕೆ ಈಗ ಸುಮಾರು 16 ಕಿ.ಮೀ. ನಡಿಗೆ. ಮಂಡಿ ನೋವಿದ್ದವರಿಗೆ ಅದು ಆಗದ ಮಾತು, ಒಪ್ಪುತ್ತೇನೆ. ಆದರೆ ದೇವಸ್ಥಾನ ಇರುವುದು 3,583 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡರಷ್ಟು ಮಾತ್ರ. ನಡೆದು ಹೋದವರ ಮೈ ಹೆಜ್ಜೆ ಹೆಜ್ಜೆಗೂ ಅಷ್ಟಿಷ್ಟು ಒಗ್ಗಿಕೊಳ್ಳುತ್ತದೆ. ಕೆಳಗಿನ ಫಾಟಾ ಹೆಲಿಪ್ಯಾಡಿನಿಂದ ಹಾರಿದವರು ಕೆಲವೇ ನಿಮಿಷದಲ್ಲಿ ಮೇಲಿರುತ್ತಾರೆ. ಮೈಗೆ ಏನಾಯಿತೆಂದು ತಿಳಿಯುವಷ್ಟು ಹೊತ್ತೂ ಸಿಗುವುದಿಲ್ಲ.

ಗದಗಿನ ಕಡೆಯ ಅಜ್ಜಾರೊಬ್ಬರು ಹೀಗೇ ಬೆಳಿಗ್ಗೆ ಹಾರಿ ಬಂದು ದರ್ಶನ ಮುಗಿಸಿದ್ದರು. ಮಧ್ಯಾಹ್ನಕ್ಕೆ ತಲೆನೋವು ಶುರುವಾಗಿ, ಎರಡು ಸಲ ವಾಂತಿಯಾಯಿತು. ‘ಪಿತ್ತ ಕೆರಳೇತಿ, ಒಂದು ಲಿಂಬಿಹಣ್ಣು ಕೊಡ್ರಿ, ಸರಿಹೋಗ್ತೈತಿ’ ಅಂದರು. ಅಂಗಳದ ಹಾಸುಗಲ್ಲಿನ ಮೇಲೆ ನಡೆಯುವಾಗ ಹೆಜ್ಜೆ ಒಂದು ಕಡೆ ವಾಲುತ್ತಿತ್ತು. ಅದನ್ನು ಕಂಡ ಮೇಲೆ ಕಾಯುವ ಮಾತೇ ಇಲ್ಲ.

‘ಅಜ್ಜಾರ, ಇವತ್ತೇ ಕೆಳಗ ಇಳಿಯೂಣ.’

‘ಇಷ್ಟು ದೂರ ಬಂದು ಮುಂಜಾನಿ ಪೂಜಿ ಬಿಟ್ಟು ಹೋಗೂದೇನ್ರಿ?’

ಅವರ ಮನೆಯವರು ಶಾಲಿನೊಳಗಿಂದಲೇ ಹೇಳಿದರು: ‘ನೀವು ಇಳೀಲಿಲ್ಲ ಅಂದ್ರ ನಾ ಒಬ್ಬಾಕಿನ ಇಳೀತೀನಿ ನೋಡ್ರಿ.’ ಅಜ್ಜಾರು ಎದ್ದರು. ಅಲ್ಲಿನ ವೈದ್ಯರ ಶಿಬಿರದಲ್ಲಿ ಆಮ್ಲಜನಕ ಕೊಡಿಸಿ, ಮೋಡ ಕವಿಯುವ ಮೊದಲೇ ಕೆಳಗೆ ಕರೆತಂದೆವು. ರಾತ್ರಿ ಕೆಳಗಿನ ಗುಪ್ತಕಾಶಿಯಲ್ಲಿ ಅವರೇ ಬಾಯಿಬಿಟ್ಟು ರೊಟ್ಟಿ ಕೇಳಿದರು.

ಎತ್ತರದ ಕಾಯಿಲೆಗೆ ಇಳಿಯುವುದೇ ಔಷಧ. ತಲೆನೋವು, ಓಕರಿಕೆ, ತೂರಾಡುವ ನಡಿಗೆ, ಕೂತಲ್ಲೇ ಏದುಸಿರು: ಇವುಗಳಲ್ಲಿ ಯಾವುದು ಕಂಡರೂ ಮೇಲೆ ಹೋಗಬಾರದು, ಕೊನೆಯ ಎರಡು ಕಂಡರೆ ಆ ಕ್ಷಣವೇ ಇಳಿಯಬೇಕು. ಹಾರಿ ಹೋಗುವವರು ಹಿಂದಿನ ಒಂದೆರಡು ರಾತ್ರಿ ಗುಪ್ತಕಾಶಿಯಲ್ಲಿ ತಂಗಲಿ, ಮೇಲೆ ರಾತ್ರಿ ಉಳಿಯುವ ಯೋಚನೆ ಬಿಡಲಿ. ಮೋಡ ಬಂದರೆ ಹೆಲಿಕಾಪ್ಟರ್ ನಿಲ್ಲುತ್ತದೆ. ಆದ್ದರಿಂದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಒಂದು ಜೊತೆ ಉಣ್ಣೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಟಿಕೆಟನ್ನು ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲೇ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಟಿಕೆಟ್ ಕೊಡಿಸುತ್ತೇವೆ ಎನ್ನುವವರಿಗೆ ದುಡ್ಡು ಹಾಕಿ ಕಳೆದುಕೊಂಡು ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ.

3. ಹೇಸರಗತ್ತೆ ಬಂದಾಗ ಗುಡ್ಡದ ಕಡೆ ನಿಲ್ಲಿ

ಗೌರೀಕುಂಡದ ದಾರಿಯಲ್ಲಿ ನಡೆಯುವವರಿಗೆ ಇದಕ್ಕಿಂತ ದೊಡ್ಡ ಬುದ್ಧಿಮಾತು ನನ್ನಲ್ಲಿಲ್ಲ. ಕಣಿವೆಯ ಅಂಚಿಗೆ ಸರಿದು ದಾರಿ ಬಿಡುವುದು ಸಹಜ ಮರ್ಯಾದೆ ಅನ್ನಿಸುತ್ತದೆ. ಆದರೆ ಪ್ರಾಣಿಯ ಎರಡೂ ಪಕ್ಕ ಹೊರೆ ಚಾಚಿರುತ್ತದೆ, ಅದು ತಾಗಿದರೆ ಬೀಳುವುದು ಪ್ರಪಾತಕ್ಕೆ. ಬೆನ್ನನ್ನು ಗುಡ್ಡಕ್ಕೆ ಆನಿಸಿ ನಿಲ್ಲಿ.

ಸವಾರಿ ಮಾಡುವವರಿಗೆ ಇನ್ನೊಂದು ಮಾತು. ಸರ್ಕಾರದ ಕೌಂಟರಿನಲ್ಲೇ ಚೀಟಿ ಮಾಡಿಸಿ. ಹತ್ತುವ ಮೊದಲು ಜೀನಿನ ಕೆಳಗಿನ ಕಂಬಳಿ ಎತ್ತಿ ತೋರಿಸಲು ಹೇಳಿ. ಬೆನ್ನುಮೂಳೆಯ ಮೇಲೆ ಹಸಿ ಗಾಯ ಇದ್ದರೆ, ಕಾಲು ಕುಂಟುತ್ತಿದ್ದರೆ ಬೇರೆ ಪ್ರಾಣಿ ಕೇಳಿ. ಒಂದೇ ದಿನ ಎರಡು ಸಲ ಹತ್ತಿಸಿದ ಪ್ರಾಣಿಯನ್ನು ಅದರ ಕಣ್ಣು, ಬಾಯಿ ನೋಡಿದರೇ ಗುರುತಿಸಬಹುದು. ಮೂಕಪ್ರಾಣಿಯನ್ನು ಸವೆಸಿ ಶಿವನ ಹತ್ತಿರ ಹೋಗುವುದು ನನಗೆ ಒಪ್ಪದ ಕೆಲಸ, ನನ್ನ ಗುಂಪಿನವರಿಗೆ ಇದನ್ನು ಖಂಡಿತವಾಗಿ ಹೇಳುತ್ತೇನೆ. ಡಂಡಿ ಎಂಬ ಪಲ್ಲಕ್ಕಿ ಹೊರುವ ನಾಲ್ವರಿಗೆ ಮಧ್ಯದ ಚಹಾ, ಊಟ ಕೊಡಿಸಿ. ಅವರಲ್ಲಿ ಬಹಳ ಮಂದಿ ನೇಪಾಳದಿಂದ ದುಡಿಮೆಗೆ ಬಂದವರು.

ಈಗಿನ ದಾರಿ 2013ರ ಜೂನ್‌ಗೆ ಮುಂಚಿನದಲ್ಲ. ಅಂದು ಚೋರಾಬಾರಿ ಕೆರೆ ಒಡೆದು ಬಂದ ಪ್ರವಾಹದಲ್ಲಿ ರಾಮ್‌ಬಾಡಾ ಎಂಬ ತಂಗುದಾಣವೇ ಕೊಚ್ಚಿಹೋಯಿತು. ಆಮೇಲೆ ಮಂದಾಕಿನಿ ದಾಟಿ ಎದುರು ದಂಡೆಯಲ್ಲಿ, ಲಿಂಚೌಲಿಯ ಮೇಲೆ ಹೊಸ ದಾರಿ ಮಾಡಿದರು. ಹಳೆಯ ಪ್ರವಾಸ ಪುಸ್ತಕದ ನಕ್ಷೆ ನಂಬಿ ಹೋಗಬೇಡಿ.

4. ಹೂವು ಒಂದು ಕಾಲ, ಕೇದಾರ ಇನ್ನೊಂದು ಕಾಲ

‘ಹೇಗೂ ಹೋಗ್ತೀವಲ್ಲ, ಹೂಗಳ ಕಣಿವೆಯನ್ನೂ ಸೇರಿಸಿಬಿಡಿ’ ಎಂದು ಮಕ್ಕಳು ಕೇಳುತ್ತಾರೆ. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಣಿವೆ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ, ನಿಜ. ಹೂವು ತುಂಬುವುದು ಮಾತ್ರ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಅಂದರೆ ಗುಡ್ಡ ಕುಸಿಯುವ ಮಳೆಗಾಲದಲ್ಲೇ. ವಯಸ್ಸಾದವರನ್ನು ಆ ತಿಂಗಳಲ್ಲಿ ನಾನು ಕರೆದೊಯ್ಯುವುದಿಲ್ಲ. ಗಟ್ಟಿಮುಟ್ಟಾದ ಹುಡುಗರು ಬೇರೆಯಾಗಿ ಹೋಗಲಿ, ಹತ್ತಿರದ ಘಾಂಘರಿಯಾದಲ್ಲಿ ತಂಗಿ ಕಣಿವೆ ನೋಡಿ ಬರಲಿ. ಕಣಿವೆಯೊಳಗೆ ರಾತ್ರಿ ಉಳಿಯುವಂತಿಲ್ಲ.

ಯಾತ್ರೆಗೆ ನನ್ನ ಆಯ್ಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮೇ ತಿಂಗಳ ನೂಕುನುಗ್ಗಲು ಇರುವುದಿಲ್ಲ, ಮಳೆ ತೊಳೆದ ಆಕಾಶದಲ್ಲಿ ಹಿಮದ ಸಾಲು ಸ್ಪಷ್ಟ ಕಾಣುತ್ತದೆ. ಆ ದಿನಗಳಲ್ಲಿ ಊಖೀಮಠದಿಂದ ಚೋಪ್ತಾ, ಗೋಪೇಶ್ವರದ ಮೇಲೆ ಬದರಿಗೆ ಹೋಗುವ ಕಾಡುದಾರಿ ಹಿಡಿಯುತ್ತೇನೆ. ಚೋಪ್ತಾದಿಂದ ತುಂಗನಾಥಕ್ಕೆ ಮೂರೂವರೆ ಕಿ.ಮೀ. ಹತ್ತಬೇಕು. ಸಣ್ಣ ನಡಿಗೆಯೆಂದು ಸಲೀಸಾಗಿ ತೆಗೆದುಕೊಳ್ಳಬೇಡಿ. ತುಂಗನಾಥ ಕೇದಾರಕ್ಕಿಂತಲೂ ಎತ್ತರದಲ್ಲಿದೆ.

5. ಜೋಶಿಮಠದಲ್ಲಿ ನೀರು ಮಿತವಾಗಿ ಬಳಸಿ

2023ರ ಜನವರಿಯಲ್ಲಿ ಬದರಿ ದಾರಿಯ ಈ ಊರಿನ ನೂರಾರು ಮನೆಗಳ ಗೋಡೆಗಳು ಬಿರುಕುಬಿಟ್ಟವು, ಜನ ಮನೆ ಬಿಟ್ಟರು. ಊರು ನಿಂತಿರುವುದು ಹಿಂದೆಂದೋ ಕುಸಿದುಬಿದ್ದ ಗುಡ್ಡದ ಮಣ್ಣಿನ ಮೇಲೆ. ಭಾರಿ ಕಟ್ಟಡ ಬೇಡವೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಬಳಸಿ ಬಿಟ್ಟ ನೀರು ಚರಂಡಿ ಸೇರದೆ ಇಂಗಿದಷ್ಟೂ ಆ ಮಣ್ಣು ಸಡಿಲವಾಗುತ್ತದೆ. ಆದ್ದರಿಂದ ದೊಡ್ಡ ಹೋಟೆಲ್ ಬದಲು ಪೀಪಲ್‌ಕೋಟಿಯಲ್ಲೋ ಸುತ್ತಲಿನ ಹಳ್ಳಿಯ ಮನೆಗಳಲ್ಲೋ ತಂಗುತ್ತೇವೆ. ಸ್ನಾನಕ್ಕೆ ಒಂದು ಬಕೆಟ್ ಬಿಸಿನೀರು ಸಾಕು. ನೀರಿಗೆ ಬರಗೆಟ್ಟ ನಾಡಿನಿಂದ ಬಂದ ನಮ್ಮವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

6. ಅಲ್ಲಿಯ ಊಟ ಉಣ್ಣಿ

ಅವಲಕ್ಕಿ, ಶೇಂಗಾ ಚಟ್ನಿಪುಡಿ ಇರಲಿ. ಆದರೆ ಅಡುಗೆಯವರನ್ನೂ ಸಿಲಿಂಡರನ್ನೂ ಊರಿನಿಂದ ಹೊತ್ತೊಯ್ಯುವ ಅಗತ್ಯ ನನಗಂತೂ ಕಂಡಿಲ್ಲ. ಗಢ್ವಾಲಿಯ ಮಂಡುವಾ ನಮ್ಮ ರಾಗಿಯೇ, ಗಹತ್ ನಮ್ಮ ಹುರುಳಿಯೇ. ಒಲೆಯಿಂದ ಇಳಿದ ಮಂಡುವಾ ರೊಟ್ಟಿಗೆ ತುಪ್ಪ ಸವರಿ, ಕಲ್ಲಿನ ಮೇಲೆ ಹಸಿಮೆಣಸು, ಬೆಳ್ಳುಳ್ಳಿ ಹಾಕಿ ಅರೆದ ಉಪ್ಪು ಪಕ್ಕಕ್ಕಿಟ್ಟು ಕೊಡುತ್ತಾರೆ. ಮೈದಾ ನೂಡಲ್ಸಿನ ಅಂಗಡಿಯಲ್ಲಿ ಹೊಟ್ಟೆ ಕೆಡಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು, ದುಡ್ಡೂ ಆ ಮನೆಯ ಹೆಂಗಸರ ಕೈಗೇ ಹೋಗುತ್ತದೆ.

7. ಹತ್ತಲಾಗದವರಿಗೆ ಊಖೀಮಠ ಇದೆ

ವೈದ್ಯರು ಬೇಡವೆಂದರೂ ಹಟ ಹಿಡಿದು ಬರುವವರಿಗಾಗಿ ಈ ಮಾತು. ಕೇದಾರದ ಬಾಗಿಲು ದೀಪಾವಳಿಯ ಬಿದಿಗೆಗೆ, ಅಲ್ಲಿನವರ ಭಾಯಿ ದೂಜ್‌ಗೆ ಮುಚ್ಚುತ್ತದೆ. ಸ್ವಾಮಿಯ ಪಂಚಮುಖಿ ಡೋಲಿ ಇಳಿದು ಊಖೀಮಠದ ಓಂಕಾರೇಶ್ವರ ದೇವಸ್ಥಾನಕ್ಕೆ ಬರುತ್ತದೆ. ಸುಮಾರು ಆರು ತಿಂಗಳು ಕೇದಾರನ ಪೂಜೆ ಅಲ್ಲೇ. ಊರು ಇರುವುದು 1,300 ಮೀಟರ್ ಆಸುಪಾಸಿನಲ್ಲಿ, ನಮ್ಮ ಮಡಿಕೇರಿಗಿಂತ ತುಸು ಎತ್ತರ. ಉಸಿರಿನ ತೊಂದರೆ ಇಲ್ಲ, ಊರಿನವರೆಗೂ ಗಾಡಿ ಹೋಗುತ್ತದೆ. ಬದರಿಯ ಚಳಿಗಾಲದ ಪೂಜೆ ಪಾಂಡುಕೇಶ್ವರದಲ್ಲೂ ಜೋಶಿಮಠದ ನರಸಿಂಹ ದೇವಸ್ಥಾನದಲ್ಲೂ ನಡೆಯುತ್ತದೆ. ಡಿಸೆಂಬರಿನಲ್ಲಿ ಹೋದರೆ ಸಾಲು ನಿಲ್ಲುವುದೂ ಇಲ್ಲ.

ನಮ್ಮವರಿಗೆ ಊಖೀಮಠ ಪರಸ್ಥಳವೂ ಅಲ್ಲ. ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಯಿನಿಗಳ ಜೊತೆ ಎಣಿಸುವ ವೀರಶೈವ ಪಂಚಪೀಠಗಳಲ್ಲಿ ಕೇದಾರಪೀಠ ಇದೇ. ಕೇದಾರದ ರಾವಲ್, ಅಂದರೆ ಮುಖ್ಯಗುರು, ಆಗುವವರು ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ಮಹಾಶಿವರಾತ್ರಿಯ ದಿನ ಇಲ್ಲೇ ಪಂಚಾಂಗ ನೋಡಿ ಕೇದಾರದ ಬಾಗಿಲು ತೆರೆಯುವ ದಿನ ಸಾರುತ್ತಾರೆ. ಮೇಲೆಯೇ ಹೋಗಬೇಕೆನ್ನುವವರು ಆ ದಿನ ಗೊತ್ತಾದ ಮೇಲೆ ಉತ್ತರಾಖಂಡ ಪ್ರವಾಸೋದ್ಯಮ ಇಲಾಖೆಯ ತಾಣದಲ್ಲಿ ಹೆಸರು ನೋಂದಾಯಿಸಿ, ಆಮೇಲೆ ರೈಲಿನ ಟಿಕೆಟ್ ತೆಗೆಯಿರಿ. ನೋಂದಣಿ ಇಲ್ಲದಿದ್ದರೆ ದಾರಿಯ ತಪಾಸಣೆಯಲ್ಲೇ ವಾಪಸು ಕಳಿಸುತ್ತಾರೆ.