ಹಣಕಾಸಿನ ಉದ್ಯೋಗವೇ? ಮೊದಲು ನಿಮ್ಮ ಕಾಲೇಜಿನ ಸೀನಿಯರ್‌ಗಳನ್ನು ಕೇಳಿ

ನಾರಾಯಣಪುರ, ಕೊಡೇಕಲ್, ಹುಣಸಗಿ ಕಡೆಯ ಬಿ.ಕಾಂ. ವಿದ್ಯಾರ್ಥಿಗಳಿಗೆ ಬ್ಯಾಂಕ್ ಎಂದರೆ ಕಾಣುವುದು ಕೌಂಟರ್ ಮಾತ್ರ. ಅದರಾಚೆ ಯಾವ ಯಾವ ಕೆಲಸಗಳಿವೆ, ಅಲ್ಲಿಗೆ ದಾರಿ ಹೇಗೆ ಎಂದು ತಿಳಿಸುವವರು ಮನೆಯಲ್ಲಿ ಸಿಗುವುದು ಅಪರೂಪ. ಅದು ಗೊತ್ತಿರುವುದು ನಿಮ್ಮದೇ ಬೆಂಚಿನಲ್ಲಿ ಕುಳಿತು ಓದಿ ಹೋದವರಿಗೆ.

ಹುಡುಕಾಟವನ್ನು ಕಾಲೇಜಿನಿಂದಲೇ ಶುರು ಮಾಡಿ. ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವೂ ಲೆಕ್ಕಕ್ಕೆ ಬರುವುದರಿಂದ ಸುರಪುರ, ಶಹಾಪುರ, ಯಾದಗಿರಿಯ ಕಾಲೇಜುಗಳಲ್ಲಿ ವಾಣಿಜ್ಯ ವಿಭಾಗದ ಮೇಷ್ಟ್ರನ್ನು ಕೇಳಿದರೆ ನಾಲ್ಕು ಹೆಸರಾದರೂ ಸಿಕ್ಕಾವು. ದೊಡ್ಡ ಹುದ್ದೆಯವರನ್ನೇ ಹುಡುಕಬೇಡಿ. ಮೂರು–ನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಸೇರಿದವರಿಗೆ ಈಗಿನ ಪರೀಕ್ಷೆ, ಈಗಿನ ಸಂಬಳ, ಈಗಿನ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ.

ಫೋನ್ ಮಾಡುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲೇ ಬರೆಯಿರಿ: ‘ಅಕ್ಕಾ ನಮಸ್ಕಾರ, ನಾನು ನಾರಾಯಣಪುರದವಳು, ನೀವು ಓದಿದ ಕಾಲೇಜಿನಲ್ಲೇ ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಕೇಳಬಹುದೇ?’ ಕೆಲಸ ಕೊಡಿಸಿ ಎಂದು ಮಾತ್ರ ಕೇಳಬೇಡಿ. ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ಬಿಡುವು. ಮಾರ್ಚ್ ಕೊನೆಯಲ್ಲಿ ಅವರನ್ನು ಕಾಡಬೇಡಿ. ಲೆಕ್ಕಪರಿಶೋಧಕರ ಕಚೇರಿಯವರಿಗೆ ಜಿಎಸ್‌ಟಿ ರಿಟರ್ನ್ ಸಲುವಾಗಿ ತಿಂಗಳ 11 ಮತ್ತು 20ರ ಆಸುಪಾಸು ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಯಾರಿಗೆ ಏನು ಕೇಳಬೇಕು ಎಂಬುದೇ ಮುಖ್ಯ. ಗ್ರಾಮೀಣ ಬ್ಯಾಂಕಿನವರು ಸಿಕ್ಕರೆ ವರ್ಗಾವಣೆಯ ಬಗ್ಗೆ ಕೇಳಿ: 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಬಳ್ಳಾರಿ ಕೇಂದ್ರದ ಒಂದೇ ಬ್ಯಾಂಕ್ ಆಗಿವೆ, ದೂರದ ಜಿಲ್ಲೆಯ ಶಾಖೆಯೂ ಬರಬಹುದು. ಐಬಿಪಿಎಸ್ ನಡೆಸುವ ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಸಂದರ್ಶನವಿಲ್ಲ. ಅವರು ತಯಾರಿಯನ್ನು ಯಾವಾಗ, ಹೇಗೆ ಶುರು ಮಾಡಿದರೆಂದು ಬಿಡಿಸಿ ಕೇಳಿ. 371(ಜೆ) ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆಗಳಿಗೆ ಇದೆ, ಈ ಬ್ಯಾಂಕ್ ಪರೀಕ್ಷೆಗಳಿಗೆ ಇಲ್ಲ. ಇದನ್ನು ತಪ್ಪು ತಿಳಿದವರು ನಮ್ಮಲ್ಲಿ ಬಹಳ.

ಸಿ.ಎ. ಓದುತ್ತಿರುವವರಿಗೆ ಖರ್ಚನ್ನೇ ಕೇಳಿ, ಸಂಕೋಚ ಬೇಡ. ವಾಣಿಜ್ಯ ಪದವಿಯಲ್ಲಿ ಶೇ 55 ಅಂಕವಿದ್ದರೆ ಫೌಂಡೇಷನ್ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆರ್ಟಿಕಲ್‌ಶಿಪ್ ಈಗ ಎರಡು ವರ್ಷ. ಆ ಎರಡು ವರ್ಷ ಸ್ಟೈಪೆಂಡಿನಲ್ಲಿ ಊರು ಬಿಟ್ಟು ರೂಮು ಮಾಡಿ ಬದುಕಿದ್ದು ಹೇಗೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಮೈಕ್ರೋಫೈನಾನ್ಸ್ ಫೀಲ್ಡ್ ಆಫೀಸರ್ ಕೆಲಸ ಬೇಗ ಸಿಗುತ್ತದೆ, ಅದಕ್ಕೇ ಇಲ್ಲಿ ಹೆಚ್ಚು ಕೇಳಬೇಕು. ದಿನಕ್ಕೆ ಎಷ್ಟು ಹಳ್ಳಿ? ಪೆಟ್ರೋಲ್ ಹಣ ಯಾರದು? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರಾ? ಕಂತು ಬಾರದಿದ್ದರೆ ಮೇಲಿನವರು ಏನು ಮಾಡಿಸುತ್ತಾರೆ? ಬಲವಂತದ ವಸೂಲಿ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿದೆ. ನಮ್ಮದೇ ಓಣಿಯ ತಾಯಂದಿರ ಬಾಗಿಲಿಗೆ ಹೋಗಿ ನಿಲ್ಲುವ ಕೆಲಸ ಇದು; ಒಪ್ಪುವ ಮೊದಲು ಇಬ್ಬರನ್ನಾದರೂ ಕೇಳಲೇಬೇಕು.

ಸೀನಿಯರ್ ಎಂದು ಹೇಳಿಕೊಂಡು ಯಾರಾದರೂ ನೌಕರಿಗೆ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಕೇಳಿದ್ದನ್ನು ಅದೇ ದಿನ ನೋಟ್‌ಬುಕ್‌ನಲ್ಲಿ ಬರೆದಿಡಿ, ಫೋನ್ ಇಡುವ ಮೊದಲು ‘ಇನ್ನು ಯಾರನ್ನು ಕೇಳಲಿ?’ ಎಂದು ಮತ್ತೊಂದು ಹೆಸರು ಪಡೆಯಿರಿ. ತಿಂಗಳ ನಂತರ, ಅವರು ಹೇಳಿದ್ದರಲ್ಲಿ ನೀವು ಮಾಡಿದ್ದೇನು ಎಂದು ಅವರಿಗೆ ಎರಡು ಸಾಲು ಬರೆಯಿರಿ.