ಅಳಿಸುವ ಮೊದಲು ಅಳೆಯಿರಿ

ತಿಪಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ಒಡೆದ ಡಿಸ್‌ಪ್ಲೇ, ಸಡಿಲವಾದ ಚಾರ್ಜಿಂಗ್ ಪಿನ್ ಬಿಟ್ಟರೆ ನನ್ನ ಕೌಂಟರಿಗೆ ಅತಿ ಹೆಚ್ಚು ಬರುವ ದೂರು ಒಂದೇ: ‘ಫೋನು ಹ್ಯಾಂಗ್ ಆಗ್ತೈತೆ ಕಣಣ್ಣ, ಫಾರ್ಮ್ಯಾಟ್ ಹೊಡ್ದುಬಿಡು.’ ಹೀಗೆ ಹೇಳುವವರಲ್ಲಿ ಬಹಳ ಮಂದಿ ಅಂಗಡಿಗೆ ಬರುವ ಮುಂಚೆಯೇ ಮನೆಯಲ್ಲಿ ಕೂತು ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸಿರುತ್ತಾರೆ. ಮೊದಲು ಹೋಗುವುದು ಗ್ಯಾಲರಿಯ ಫೋಟೊಗಳು, ಏಕೆಂದರೆ ಕಣ್ಣಿಗೆ ಕಾಣುವುದು ಅವೇ. ಜಾಗ ನಿಜವಾಗಿ ಎಲ್ಲಿ ಹೋಗಿದೆ ಎಂದು ಯಾರೂ ನೋಡಿರುವುದಿಲ್ಲ. ವರ್ಷಗಟ್ಟಲೆ ಈ ಕೆಲಸ ಮಾಡಿ ನಾನು ಕಂಡುಕೊಂಡ ಪಾಠ ಇದು: ಅಳಿಸುವುದಕ್ಕೆ ಮೊದಲು ಅಳೆಯಬೇಕು. ಅಳತೆ ತೋರಿಸುವ ಪುಟ ಪ್ರತಿ ಫೋನಿನಲ್ಲೂ ಇದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಅಂಗಡಿಗೂ ಬರಬೇಕಾಗಿಲ್ಲ.

ಮೊದಲು ತಿಳಿಯಬೇಕಾದದ್ದು, ತುಂಬುವ ಜಾಗ ಎರಡು ಥರ ಎಂಬುದು. ನಮ್ಮೂರಿನವರಿಗೆ ನಾನು ಕೊಬ್ಬರಿಯ ಲೆಕ್ಕದಲ್ಲೇ ಹೇಳುತ್ತೇನೆ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರುತ್ತದೆ. ಸುಲಿಯುವ ಹೊತ್ತಿಗೆ ಅದನ್ನು ಅಂಗಳಕ್ಕೆ ಇಳಿಸಿಕೊಳ್ಳುತ್ತೇವೆ. ಫೋನಿನ ಸ್ಟೋರೇಜ್ ಅಟ್ಟ, ರ‍್ಯಾಮ್ ಅಂಗಳ. ಫೋಟೊ, ವಿಡಿಯೊ, ಆ್ಯಪ್ ಎಲ್ಲವೂ ಸ್ಟೋರೇಜಿನಲ್ಲಿ ಉಳಿಯುತ್ತವೆ. ಆ ಕ್ಷಣಕ್ಕೆ ತೆರೆದಿರುವ ಆ್ಯಪ್ ಮಾತ್ರ ರ‍್ಯಾಮಿಗೆ ಇಳಿಯುತ್ತದೆ, ಫೋನ್ ಆಫ್ ಮಾಡಿದರೆ ರ‍್ಯಾಮ್ ಖಾಲಿ. ‘64 ಜಿಬಿ ಮೆಮೊರಿ’, ‘4 ಜಿಬಿ ಮೆಮೊರಿ’ ಎಂದು ಪೆಟ್ಟಿಗೆಯ ಮೇಲೆ ಕಾಣುವ ಎರಡು ಅಂಕಿಗಳು ಇವೇ. ಒಂದರ ಕಾಯಿಲೆಗೆ ಇನ್ನೊಂದರ ಮದ್ದು ನಾಟುವುದಿಲ್ಲ. ಫೋಟೊ ಅಳಿಸಿದರೆ ರ‍್ಯಾಮ್ ಹೆಚ್ಚುವುದಿಲ್ಲ. ತೆರೆದ ಆ್ಯಪ್‌ಗಳನ್ನೆಲ್ಲ ಮುಚ್ಚಿದರೆ ಸ್ಟೋರೇಜ್ ಖಾಲಿಯಾಗುವುದಿಲ್ಲ.

ಕೊರತೆ ಯಾವುದರದು ಎಂಬುದನ್ನು ಲಕ್ಷಣವೇ ಹೇಳುತ್ತದೆ. ಬಸ್ ಟಿಕೆಟ್ ಬುಕ್ ಮಾಡುತ್ತಿದ್ದೀರಿ, ಓಟಿಪಿ ನೋಡಲು ಮೆಸೇಜಿಗೆ ಹೋಗಿ ಬರುವಷ್ಟರಲ್ಲಿ ಟಿಕೆಟ್ ಪುಟ ಮೊದಲಿನಿಂದ ಶುರುವಾಗಿದೆ. ಇದು ಸಾಮಾನ್ಯವಾಗಿ ರ‍್ಯಾಮ್ ಕೊರತೆ: ಎರಡನ್ನೂ ಒಟ್ಟಿಗೆ ಹಿಡಿದಿಡಲು ಜಾಗ ಸಾಲದೆ ಫೋನ್ ಹಿಂದಿನದನ್ನು ಮುಚ್ಚಿಬಿಟ್ಟಿದೆ. ಕ್ಯಾಮೆರಾ ಫೋಟೊ ಉಳಿಸಲು ಒಪ್ಪುತ್ತಿಲ್ಲ, ವಾಟ್ಸ್ಆ್ಯಪಿನಲ್ಲಿ ಬಂದ ಫೋಟೊ ತೆರೆಯುತ್ತಿಲ್ಲ, ಆ್ಯಪ್ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತಿದೆ ಎಂದರೆ ಮೊದಲು ಸ್ಟೋರೇಜ್ ನೋಡಬೇಕು. ಸ್ಟೋರೇಜ್ ಗಂಟಲವರೆಗೆ ತುಂಬಿದಾಗ ಇಡೀ ಫೋನ್ ನಿಧಾನವಾಗುವುದಕ್ಕೂ ಕಾರಣವಿದೆ. ಸ್ಟೋರೇಜಿನ ಫ್ಲ್ಯಾಶ್ ಚಿಪ್‌ನಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲಾಗದು. ಒಂದು ಬ್ಲಾಕನ್ನು ಪೂರ್ತಿ ಅಳಿಸಿ ಆಮೇಲೆ ಬರೆಯಬೇಕು. ಖಾಲಿ ಬ್ಲಾಕ್‌ಗಳು ಕಡಿಮೆಯಾದಷ್ಟೂ ಚಿಪ್ಪಿಗೆ ಒಳಗೊಳಗೇ ಎತ್ತಿಡುವ ಕೆಲಸ ಹೆಚ್ಚು. ಅದಕ್ಕೇ ಒಟ್ಟು ಜಾಗದಲ್ಲಿ ಹತ್ತನೇ ಒಂದು ಭಾಗವಾದರೂ ಯಾವಾಗಲೂ ಖಾಲಿ ಇರಲಿ ಎಂದು ನಾನು ಹೇಳುತ್ತೇನೆ.

ಅಳತೆ ನೋಡುವುದು ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಸ್ಟೋರೇಜ್ ಒತ್ತಿ. ಕೆಲವು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಇದು ‘ಡಿವೈಸ್ ಕೇರ್’ ಒಳಗೆ, ಕೆಲವು ರೆಡ್ಮಿ ಫೋನ್‌ಗಳಲ್ಲಿ ‘ಅಬೌಟ್ ಫೋನ್’ ಒಳಗೆ ಇರುತ್ತದೆ. ಹುಡುಕಲು ಕಷ್ಟವಾದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪಟ್ಟಿಯಲ್ಲಿ ಸ್ಟೋರೇಜ್ ಎಂದು ಬರೆದರೆ ಸಾಕು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಐಫೋನ್ ಸ್ಟೋರೇಜ್. ಪುಟ ತೆರೆದ ಕೂಡಲೇ ಅಂಕಿಗಳು ಬರದಿದ್ದರೆ ಅರ್ಧ ನಿಮಿಷ ಕಾಯಿರಿ. ಫೋನ್ ಲೆಕ್ಕ ಹಾಕುತ್ತಿರುತ್ತದೆ.

ಆ ಪುಟ ಏನು ಹೇಳುತ್ತದೆ ಎಂಬುದಕ್ಕೆ ಒಂದು ಫೋನನ್ನೇ ನೋಡಿ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಅಕ್ಕ ಒಬ್ಬರು 64 ಜಿಬಿಯ ಫೋನ್ ತಂದಿದ್ದರು. ಮಗಳ ಮದುವೆಯ ಫೋಟೊಗಳನ್ನು ಒಂದೊಂದಾಗಿ ಅಳಿಸಲು ಶುರು ಮಾಡಿದ್ದರು. ‘ಅರ್ಧ ತೆಗೆದ್ರೆ ಸಾಕಾಗುತ್ತಾ ನೋಡಪ್ಪ’ ಎಂದರು. ಇಬ್ಬರೂ ಕೂತು ಸ್ಟೋರೇಜ್ ಪುಟ ತೆರೆದೆವು. ಸಿಸ್ಟಂ 16 ಜಿಬಿ, ಆ್ಯಪ್‌ಗಳು 14, ವಿಡಿಯೊ 21, ಫೋಟೊ 6, ಟ್ರ್ಯಾಶ್ 3, ಉಳಿದ ಫೈಲ್‌ಗಳು 3. ಖಾಲಿ ಇದ್ದದ್ದು ಒಂದು ಜಿಬಿಯಷ್ಟು. ಮದುವೆಯ ಫೋಟೊಗಳಿದ್ದ ಫೋಲ್ಡರ್ ತೆರೆದು ನೋಡಿದರೆ, ಅದು ಎರಡು ಜಿಬಿಯೂ ಇರಲಿಲ್ಲ. ವಿಡಿಯೊದ 21 ಜಿಬಿಯಲ್ಲಿ ಬಹುಪಾಲು ವಾಟ್ಸ್ಆ್ಯಪಿನದು: ಸಂಘದ ಗುಂಪು, ನೆಂಟರ ಗುಂಪು, ದೇವಸ್ಥಾನದ ಗುಂಪಿನಲ್ಲಿ ಬಂದದ್ದು, ಅದನ್ನು ಅವರೂ ಮುಂದಕ್ಕೆ ಕಳಿಸಿದ್ದು. ತಾವು ತೆರೆದೂ ನೋಡದ ವಿಡಿಯೊಗಳಿಗಾಗಿ ಮಗಳ ಮದುವೆಯನ್ನು ಅಳಿಸಲು ಹೊರಟಿದ್ದರು ಆ ತಾಯಿ. ಅವರ ಫೋಟೊ ಒಂದನ್ನೂ ಮುಟ್ಟದೆ 20 ಜಿಬಿ ಬಿಡಿಸಿದೆವು.

ಹೇಗೆ ಎಂದರೆ, ವಾಟ್ಸ್ಆ್ಯಪಿನೊಳಗೇ ಅದರದೇ ಅಳತೆ ಪುಟ ಇದೆ. ಸೆಟ್ಟಿಂಗ್ಸ್, ‘ಸ್ಟೋರೇಜ್ ಆ್ಯಂಡ್ ಡೇಟಾ’, ‘ಮ್ಯಾನೇಜ್ ಸ್ಟೋರೇಜ್’. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲ್‌ಗಳು ಒಂದು ಕಡೆ, ಹಲವು ಬಾರಿ ಫಾರ್ವರ್ಡ್ ಆದವು ಇನ್ನೊಂದು ಕಡೆ ಕಾಣುತ್ತವೆ. ಕೆಳಗೆ ಯಾವ ಗುಂಪು ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ, ದೊಡ್ಡದರಿಂದ ಚಿಕ್ಕದಕ್ಕೆ. ಮೇಲಿನ ನಾಲ್ಕೈದು ಗುಂಪುಗಳನ್ನು ನೋಡಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಮತ್ತೆ ತುಂಬದಿರಲು ಆಟೊ ಡೌನ್‌ಲೋಡ್ ಆಫ್ ಮಾಡಿ. ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿದರೆ ಜಾಗ ಉಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಚಿತ್ರಗಳನ್ನು ಗ್ಯಾಲರಿಯಿಂದ ಮರೆಮಾಡುತ್ತದೆ ಅಷ್ಟೆ, ಅವು ಫೋನಿನೊಳಗೇ ಇರುತ್ತವೆ. ಈ ಗುಡ್ ಮಾರ್ನಿಂಗ್ ಚಿತ್ರಗಳ ಹಾವಳಿ ಎಷ್ಟಿತ್ತೆಂದರೆ, 2017ರ ಡಿಸೆಂಬರಿನಲ್ಲಿ ಗೂಗಲ್ ‘ಫೈಲ್ಸ್ ಗೋ’ ಆ್ಯಪನ್ನು ಭಾರತದಲ್ಲಿ ಬಿಡುಗಡೆ ಮಾಡಿದ ಮೇಲೆ ಅಂಥ ಚಿತ್ರಗಳನ್ನು ಹುಡುಕಿ ತೋರಿಸುವ ಸೌಲಭ್ಯವನ್ನೂ ಅದರಲ್ಲಿ ಇಟ್ಟಿತು. ಈಗ ಅದೇ ‘ಫೈಲ್ಸ್ ಬೈ ಗೂಗಲ್’. ಒಂದೇ ಫೈಲಿನ ಎರಡು ಪ್ರತಿ ಇದ್ದರೂ ತೋರಿಸುತ್ತದೆ, ಜಾಹೀರಾತಿನ ಕಾಟವೂ ಇಲ್ಲ.

ಅಕ್ಕನ ಫೋನಿನ ಟ್ರ್ಯಾಶ್‌ನಲ್ಲಿದ್ದ 3 ಜಿಬಿಯನ್ನೂ ಗಮನಿಸಬೇಕು. ಗ್ಯಾಲರಿಯಲ್ಲಿ ಅಳಿಸಿದ್ದು ಹೆಚ್ಚಿನ ಫೋನ್‌ಗಳಲ್ಲಿ 30 ದಿನ ಟ್ರ್ಯಾಶ್‌ನಲ್ಲಿ ಕೂತಿರುತ್ತದೆ. ಅಲ್ಲಿಯವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ‘ಎಷ್ಟು ಡಿಲೀಟ್ ಮಾಡಿದ್ರೂ ಖಾಲಿನೇ ಆಗ್ತಿಲ್ಲ’ ಎನ್ನುವವರ ಸಮಸ್ಯೆ ಬಹಳ ಸಲ ಇದೇ. ಆದರೆ ತಪ್ಪಿ ಅಳಿಸಿದವರ ಪಾಲಿಗೆ ಅದೇ ಟ್ರ್ಯಾಶ್ ವರ. ಅಕ್ಕ ಹಿಂದಿನ ದಿನ ಅಳಿಸಿದ್ದ ಮದುವೆಯ ಫೋಟೊಗಳನ್ನು ಅಲ್ಲಿಂದಲೇ ವಾಪಸ್ ತಂದು, ಆಮೇಲೆ ಉಳಿದದ್ದನ್ನು ಖಾಲಿ ಮಾಡಿದೆವು.

ಗೂಗಲ್ ಫೋಟೋಸ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರಲ್ಲಿ ‘ಫ್ರೀ ಅಪ್ ಸ್ಪೇಸ್’ ಒತ್ತಿದರೆ, ಬ್ಯಾಕಪ್ ಆದ ಫೋಟೊಗಳು ಫೋನಿನಿಂದ ಮಾತ್ರ ಹೋಗುತ್ತವೆ, ಗೂಗಲ್ ಖಾತೆಯಲ್ಲಿ ಉಳಿಯುತ್ತವೆ. ಅದೇ ಆ್ಯಪಿನಲ್ಲಿ ಫೋಟೊ ಆರಿಸಿ ಡಿಲೀಟ್ ಒತ್ತಿದರೆ ಎರಡೂ ಕಡೆಯಿಂದ ಹೋಗುತ್ತದೆ. ಇವೆರಡರ ನಡುವಿನ ವ್ಯತ್ಯಾಸ ತಿಳಿಯದೆ ಮಕ್ಕಳ ಬಾಲ್ಯದ ಚಿತ್ರಗಳನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅವರಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಗೂಗಲ್ ಖಾತೆಯ ಉಚಿತ ಜಾಗವೂ 15 ಜಿಬಿ ಮಾತ್ರ, ಅದನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರವರೆಗೆ ಫೋಟೊಗಳಿಗೆ ಇದ್ದ ಲೆಕ್ಕವಿಲ್ಲದ ಉಚಿತ ಸೌಲಭ್ಯ ಈಗಿಲ್ಲ. ಆದ್ದರಿಂದ ಕಳೆದುಕೊಳ್ಳಲಾಗದ ಫೋಟೊಗಳ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲೋ ಕಂಪ್ಯೂಟರಿನಲ್ಲೋ ಇರಲಿ. ಕಾಪಿ ಆದ ಮೇಲೆ ಅಲ್ಲಿ ತೆರೆದು ನೋಡಿ, ಆಮೇಲೆ ಫೋನಿನದನ್ನು ಅಳಿಸಿ.

ಇನ್ನು ಆ್ಯಪ್‌ಗಳು. ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪಿನ ಸ್ಟೋರೇಜ್ ಪುಟದಲ್ಲಿ ಎರಡು ಬಟನ್ ಅಕ್ಕಪಕ್ಕದಲ್ಲೇ ಇರುತ್ತವೆ: ‘ಕ್ಲಿಯರ್ ಕ್ಯಾಶ್’ ಮತ್ತು ‘ಕ್ಲಿಯರ್ ಡೇಟಾ’. ಕ್ಯಾಶ್ ಎಂದರೆ ಆ್ಯಪ್ ಬೇಗ ತೆರೆಯಲೆಂದು ಇಟ್ಟುಕೊಂಡ ತಾತ್ಕಾಲಿಕ ಫೈಲ್‌ಗಳು. ತೆಗೆದರೆ ಮತ್ತೆ ಸೇರಿಕೊಳ್ಳುತ್ತವೆ. ಡೇಟಾ ತೆಗೆದರೆ ಆ್ಯಪ್ ಹೊಸದಾಗಿ ಹಾಕಿದಂತಾಗುತ್ತದೆ, ಲಾಗಿನ್ ಹೋಗುತ್ತದೆ, ಒಳಗೆ ಉಳಿಸಿದ್ದೂ ಹೋಗುತ್ತದೆ. ಮುಂಗಾರು ಬೆಳೆ ಸಮೀಕ್ಷೆಗೆ ಹೊರಟಿದ್ದ ಹುಡುಗನೊಬ್ಬ ಫೋನ್ ತುಂಬಿದೆ ಎಂದು ಬಂದಿದ್ದ. ಸಮೀಕ್ಷೆಯ ಆ್ಯಪೇ ದೊಡ್ಡದಾಗಿ ಕಾಣುತ್ತಿದೆ, ಡೇಟಾ ತೆಗೆದುಬಿಡೋಣ ಎಂದ. ಎಲ್ಲಾ ಅಪ್‌ಲೋಡ್ ಆಗಿದೆಯಾ ಎಂದು ಕೇಳಿದೆ. ಆಗಿರಲಿಲ್ಲ. ನೆಟ್‌ವರ್ಕ್ ಸಿಗದ ಹೊಲಗಳಲ್ಲಿ ತೆಗೆದ ಫೋಟೊಗಳು ಇನ್ನೂ ಆ್ಯಪಿನೊಳಗೇ ಇದ್ದವು. ಆ ಬಟನ್ ಒತ್ತಿದ್ದರೆ ಬಿಸಿಲಲ್ಲಿ ಸರ್ವೆ ನಂಬರ್ ಹಿಡಿದು ಅಲೆದ ಕೆಲಸವೆಲ್ಲ ನೀರುಪಾಲು. ಅಂಗಡಿಯ ವೈಫೈ ಕೊಟ್ಟೆ, ಎಲ್ಲವೂ ಅಪ್‌ಲೋಡ್ ಆಯಿತು, ಆ್ಯಪಿನ ಗಾತ್ರ ತಾನಾಗಿ ಇಳಿಯಿತು. ಅಂದಿನಿಂದ ಯಾವ ಫೋನೇ ಬರಲಿ, ‘ಇದರಲ್ಲಿ ಇನ್ನೂ ಕಳಿಸದೇ ಇರೋದು ಏನಾದ್ರೂ ಇದೆಯಾ?’ ಎಂದು ಕೇಳಿಯೇ ಮುಂದಿನ ಕೆಲಸ.

ರ‍್ಯಾಮಿನ ಅಳತೆಗೂ ದಾರಿ ಇದೆ. ಒಟ್ಟು ರ‍್ಯಾಮ್ ಎಷ್ಟೆಂದು ‘ಅಬೌಟ್ ಫೋನ್’ ಹೇಳುತ್ತದೆ. ಎಷ್ಟು ಬಳಕೆಯಲ್ಲಿದೆ ಎಂಬುದು ಸ್ಯಾಮ್‌ಸಂಗ್‌ನಲ್ಲಿ ‘ಡಿವೈಸ್ ಕೇರ್’ನ ಮೆಮೊರಿ ಪುಟದಲ್ಲಿ ಸಿಗುತ್ತದೆ. ಬೇರೆ ಹಲವು ಫೋನ್‌ಗಳಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ‘ಡೆವಲಪರ್ ಆಪ್ಷನ್ಸ್’ ತೆರೆದುಕೊಳ್ಳುತ್ತದೆ, ಅದರ ಮೆಮೊರಿ ಪುಟದಲ್ಲಿ ಯಾವ ಆ್ಯಪ್ ಸರಾಸರಿ ಎಷ್ಟು ರ‍್ಯಾಮ್ ಬಳಸಿದೆ ಎಂಬುದು ಕಾಣುತ್ತದೆ. ಅಲ್ಲಿನ ಬೇರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ರ‍್ಯಾಮ್ ಮುಕ್ಕಾಲು ಭಾಗ ತುಂಬಿದೆ ಎಂದು ಗಾಬರಿಯಾಗಬೇಕಿಲ್ಲ. ಆಂಡ್ರಾಯ್ಡ್ ಇತ್ತೀಚೆಗೆ ಬಳಸಿದ ಆ್ಯಪ್‌ಗಳನ್ನು ಬೇಕೆಂದೇ ರ‍್ಯಾಮಿನಲ್ಲಿ ಉಳಿಸಿಕೊಳ್ಳುತ್ತದೆ, ಜಾಗ ಬೇಕಾದಾಗ ತಾನೇ ತೆಗೆಯುತ್ತದೆ. ಗಳಿಗೆಗೊಮ್ಮೆ ಎಲ್ಲವನ್ನೂ ಮುಚ್ಚುತ್ತಿದ್ದರೆ ಪ್ರತಿ ಸಲವೂ ಮೊದಲಿನಿಂದ ತೆರೆಯಬೇಕಾಗಿ ಬ್ಯಾಟರಿಯೇ ಹೆಚ್ಚು ಖರ್ಚಾಗುತ್ತದೆ. ‘ರ‍್ಯಾಮ್ ಬೂಸ್ಟರ್’, ‘ಕ್ಲೀನರ್’ ಎಂಬ ಹೆಸರಿನ ಆ್ಯಪ್‌ಗಳು ಮಾಡುವುದು ಇದನ್ನೇ. ಜೊತೆಗೆ ಜಾಹೀರಾತು ತೋರಿಸುತ್ತ ತಾವೇ ರ‍್ಯಾಮಿನಲ್ಲಿ ಕೂರುತ್ತವೆ. ಎಷ್ಟೋ ಫೋನ್‌ಗಳು ಇವನ್ನು ತೆಗೆದ ಮೇಲೆ ಹಗುರಾದದ್ದನ್ನು ಕಂಡಿದ್ದೇನೆ.

ಕೊಳ್ಳುವಾಗಲೂ ಅಂಕಿಗಳನ್ನು ಬಿಡಿಸಿ ಓದಬೇಕು. ‘8 ಜಿಬಿ ರ‍್ಯಾಮ್’ ಎಂಬುದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 4+4 ಎಂದಿದ್ದರೆ, ನಿಜವಾದ ರ‍್ಯಾಮ್ 4 ಜಿಬಿ. ಉಳಿದ 4 ಸ್ಟೋರೇಜಿನಿಂದ ಎರವಲು ಪಡೆದದ್ದು, ವೇಗದಲ್ಲಿ ರ‍್ಯಾಮಿಗೆ ಸಮನಲ್ಲ, ಅಷ್ಟು ಸ್ಟೋರೇಜನ್ನೂ ತಿನ್ನುತ್ತದೆ. ಸಿಸ್ಟಂ ಹಿಡಿಯುವ ಜಾಗ ಕಳೆದರೆ 64 ಜಿಬಿಯಲ್ಲಿ ನಮಗೆ ಸಿಗುವುದು 45ರಿಂದ 50ರಷ್ಟು. ಅದರಲ್ಲಿ 4ಕೆ ಗುಣಮಟ್ಟದ ವಿಡಿಯೊ ನಿಮಿಷಕ್ಕೆ ಸುಮಾರು 350 ಎಂಬಿ ತಿಂದರೆ ಎಷ್ಟು ದಿನ ಬಂದೀತು? 1080ಪಿ ಇಟ್ಟುಕೊಂಡರೆ ಅದು ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ, ಮನೆಯ ಸಮಾರಂಭಕ್ಕೆ ಅಷ್ಟು ಸಾಕು.

ಮೆಮೊರಿ ಕಾರ್ಡ್ ಹಾಕಿಸಿಕೊಳ್ಳುವವರಿಗೆ ಒಂದು ಮಾತು. 64 ಜಿಬಿ ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ 59 ಚಿಲ್ಲರೆ ಜಿಬಿ ಕಾಣುತ್ತದೆ. ಇದು ಮೋಸವಲ್ಲ: ತಯಾರಕರು ನೂರು ಕೋಟಿ ಬೈಟ್‌ಗೆ ಒಂದು ಜಿಬಿ ಎನ್ನುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ನಿಜವಾದ ಮೋಸ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ನಕಲಿ ಕಾರ್ಡ್‌ಗಳಲ್ಲಿದೆ. ಒಳಗಿರುವುದು 8 ಜಿಬಿ ಚಿಪ್, ತೋರಿಸುವುದು 128. ಎಂಟು ತುಂಬಿದ ಮೇಲೆ ಹಾಕಿದ ಫೋಟೊಗಳು ಹೆಸರಿಗೆ ಇರುತ್ತವೆ, ತೆರೆಯುವುದಿಲ್ಲ. ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ, ಕೊನೆಯ ಫೈಲ್‌ಗಳೂ ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ಅದನ್ನು ನಂಬಿ.

ಫಾರ್ಮ್ಯಾಟ್ ಮಾಡುವುದು ನನಗೆ ಸುಲಭದ ಕೆಲಸ, ಕೂಲಿಯೂ ಸಿಗುತ್ತದೆ. ಆದರೂ ನಿಮ್ಮೂರಿನ ಅಂಗಡಿಯವರು ‘ಫಾರ್ಮ್ಯಾಟ್ ಮಾಡ್ಲೇಬೇಕು’ ಎಂದಾಗ, ‘ಮೊದ್ಲು ಸ್ಟೋರೇಜ್ ಪುಟ ತೋರ್ಸಿ’ ಎಂದು ಕೇಳಿ. ಯಾವುದು ಎಷ್ಟು ತಿಂದಿದೆ ಎಂದು ನಿಮ್ಮ ಕಣ್ಣಾರೆ ನೋಡಿ. ತಿಂಗಳಿಗೊಮ್ಮೆ ನೀವೇ ನೋಡಿಕೊಂಡರೆ ಇನ್ನೂ ಒಳ್ಳೆಯದು. ಮನೆಯ ಹಿರಿಯರ ಫೋನನ್ನೂ ಅವರ ಪಕ್ಕದಲ್ಲಿ ಕೂತು, ಅವರ ಕೈಯಿಂದಲೇ ಒತ್ತಿಸಿ ತೋರಿಸಿ. ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ತೀರ್ಮಾನಿಸಬೇಕಾದವರು ಫೋನಿನ ಒಡೆಯರೇ. ಅಂಕಿ ಕಣ್ಣ ಮುಂದಿದ್ದಾಗ ಆ ತೀರ್ಮಾನ ತಪ್ಪುವುದು ತೀರಾ ಕಡಿಮೆ.