ಮದ್ದು ಹೊರುವ ಕಣಕ್ಕೆ ಹೊದಿಕೆ ಏಕೆ?

ಸಿಲಿಕಾನ್ ಎಂದೊಡನೆ ನಿಮಗೆ ಕಂಪ್ಯೂಟರ್ ನೆನಪಾಗುವುದು ಸಹಜ. ಇದೇ ಸಿಲಿಕಾನನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿಟ್ಟು ವಿದ್ಯುತ್ ಹರಿಸಿದರೆ ಸ್ಪಂಜಿನಲ್ಲಿರುವಂತೆ ಅಸಂಖ್ಯ ಸೂಕ್ಷ್ಮ ರಂಧ್ರಗಳು ಮೂಡುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1956ರಲ್ಲಿ ಕಂಡುಬಂದ ಈ ರಂಧ್ರಮಯ ಸಿಲಿಕಾನ್ ಈಗ ವೈದ್ಯಕೀಯ ಸಂಶೋಧಕರ ಗಮನ ಸೆಳೆದಿದೆ.

ಕ್ಯಾನ್ಸರಿಗೆ ಕೊಡುವ ಪ್ರಬಲ ಔಷಧಗಳು ರಕ್ತದ ಮೂಲಕ ಇಡೀ ದೇಹಕ್ಕೆ ಹರಡುತ್ತವೆ. ಆರೋಗ್ಯವಂತ ಜೀವಕೋಶಗಳಿಗೂ ಪೆಟ್ಟು ಬೀಳುವುದರಿಂದ ಕೂದಲು ಉದುರುವುದು, ವಾಂತಿ ಮುಂತಾದ ತೊಂದರೆಗಳು ಉಂಟಾಗುತ್ತವೆ. ಔಷಧವನ್ನು ರಂಧ್ರಗಳಲ್ಲಿ ತುಂಬಿ ಗೆಡ್ಡೆಯ ಬಳಿಗೇ ತಲುಪಿಸುವಂತಾದರೆ ಈ ಹಾನಿ ತಗ್ಗೀತು ಎಂಬುದು ಆಶಯ. ಇದಕ್ಕೆ ಬೇಕಾದ ಕಣಗಳ ಗಾತ್ರ ನೂರಿನ್ನೂರು ನ್ಯಾನೊಮೀಟರ್ ಮಾತ್ರ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ಒಂದು ನ್ಯಾನೊಮೀಟರ್. ಕೆಲಸ ಮುಗಿದ ಮೇಲೆ ಕಣ ಕರಗಿ ಸಿಲಿಸಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ.

ಆದರೆ ಬರಿಯ ಕಣದಿಂದ ಈ ಕೆಲಸ ಆಗದು. ಅದರ ಮೇಲ್ಮೈ ನೀರನ್ನು ದೂರ ತಳ್ಳುತ್ತದೆ. ರಕ್ತದಲ್ಲಿ ಬೇಗನೆ ಉತ್ಕರ್ಷಣಗೊಂಡು, ಗುರಿ ಮುಟ್ಟುವ ಮೊದಲೇ ಕರಗಲೂಬಹುದು. ರಕ್ತದ ಪ್ರೋಟೀನುಗಳು ಅಂಟಿಕೊಂಡ ಕಣವನ್ನು ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಪರಕೀಯವೆಂದು ಗುರುತಿಸಿ ನುಂಗುತ್ತವೆ.

ಆದ್ದರಿಂದಲೇ ಮೇಲ್ಮೈಯನ್ನು ಬದಲಿಸುತ್ತಾರೆ. ಗಾಳಿಯಲ್ಲಿ ಕಾಯಿಸಿದರೆ ಆಕ್ಸೈಡಿನ ಪದರ ಉಂಟಾಗಿ ಕಣ ನೀರಿಗೆ ಹೊಂದಿಕೊಳ್ಳುತ್ತದೆ. ಇಂಗಾಲದ ಅಣುಗಳನ್ನು ಬೆಸೆದರೆ ಕರಗುವಿಕೆ ನಿಧಾನವಾಗುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಅಥವಾ ಡೆಕ್ಸ್‌ಟ್ರಾನ್ ಹೊದಿಸಿದರೆ ಭಕ್ಷಕ ಕೋಶಗಳ ಕಣ್ಣು ತಪ್ಪಿಸಿ ಹೆಚ್ಚು ಹೊತ್ತು ರಕ್ತದಲ್ಲಿ ಸಂಚರಿಸಬಲ್ಲದು. ಕೆಲವು ಕ್ಯಾನ್ಸರ್ ಕೋಶಗಳು ಫೋಲಿಕ್ ಆಮ್ಲವನ್ನು ಹೆಚ್ಚಾಗಿ ಸೆಳೆಯುವುದರಿಂದ, ಅದನ್ನೇ 'ವಿಳಾಸ'ದಂತೆ ಅಂಟಿಸುವುದೂ ಉಂಟು.

ಕ್ಯಾಲಿಫೋರ್ನಿಯದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನದಲ್ಲಿ, ಡೆಕ್ಸ್‌ಟ್ರಾನ್ ಹೊದಿಸಿದ ಕಣಗಳು ಬರಿಯ ಕಣಗಳಿಗಿಂತ ಹೆಚ್ಚು ಕಾಲ ರಕ್ತದಲ್ಲಿ ಉಳಿದವು. ಬರಿಯ ಕಣಗಳು ಸುಮಾರು ನಾಲ್ಕು ವಾರಗಳಲ್ಲಿ ದೇಹದಿಂದ ಬಹುಪಾಲು ನಿವಾರಣೆಯಾದವು. ಹೊದಿಕೆ ತೆಳುವಾದರೆ ಮದ್ದು ದಾರಿಯಲ್ಲೇ ಸೋರೀತು. ಅತಿ ಗಟ್ಟಿಯಾದರೆ ಕಣ ಕರಗದೆ ಉಳಿದೀತು. ಈ ಹದ ಕಂಡುಕೊಳ್ಳುವುದೇ ಕಷ್ಟದ ಕೆಲಸ.

ಓದುಗರು ಒಂದು ಮಾತು ನೆನಪಿಡಬೇಕು. ಈ ಫಲಿತಾಂಶಗಳಲ್ಲಿ ಹೆಚ್ಚಿನವು ಪ್ರಯೋಗಾಲಯ ಮತ್ತು ಪ್ರಾಣಿಗಳಿಗೆ ಸೀಮಿತ. 'ನ್ಯಾನೊ' ಎಂಬ ಹೆಸರು ಹೊತ್ತ ಜಾಹೀರಾತು ನಂಬಿ, ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಅಂಥ ಔಷಧ ಯಾರಾದರೂ ಸೂಚಿಸಿದರೆ, ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಲಾಗಿದೆಯೇ, ಅದಕ್ಕೆ ಸರ್ಕಾರದ ಅನುಮತಿ ಇದೆಯೇ ಎಂದು ನಿಮ್ಮ ವೈದ್ಯರನ್ನು ಮೊದಲು ಕೇಳಿರಿ.